ಚಿನ್ನದ ಪೆನ್ನಿ ಯಾರ ಮನೆ ಸೇರಬೇಕು?

2021ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಡೆವನ್ ಜಿಲ್ಲೆಯ ಹೆಮಿಯಾಕ್ ಎಂಬ ಹಳ್ಳಿಯ ಹೊಲದಲ್ಲಿ ಒಂದು ಪುಟ್ಟ ಚಿನ್ನದ ನಾಣ್ಯ ಸಿಕ್ಕಿತು. ಸಿಕ್ಕಿದ್ದು ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವ ಹವ್ಯಾಸದ ಒಬ್ಬರಿಗೆ. ಅದು ಮೂರನೇ ಹೆನ್ರಿ 1257ರಲ್ಲಿ ಹೊರಡಿಸಿದ ಚಿನ್ನದ ಪೆನ್ನಿ. ಒಂದು ಚಿನ್ನದ ಪೆನ್ನಿಗೆ 20 ಬೆಳ್ಳಿ ಪೆನ್ನಿ ಎಂದು ರಾಜ ಬೆಲೆ ಕಟ್ಟಿದ್ದ. ಆದರೆ ಒಳಗಿದ್ದ ಚಿನ್ನದ ಬೆಲೆ ಅದಕ್ಕಿಂತ ಜಾಸ್ತಿಯಾಯಿತು. ಹಾಗಾಗಿ ಬಹುತೇಕ ಎಲ್ಲವೂ ಕರಗಿಹೋದವು. ಇಂದು ಉಳಿದಿರುವುದು ಹತ್ತಕ್ಕೂ ಕಡಿಮೆ. 2022ರ ಜನವರಿಯಲ್ಲಿ ಹೆಮಿಯಾಕಿನ ನಾಣ್ಯ ಲಂಡನ್ನಿನಲ್ಲಿ ಹರಾಜಾಯಿತು. ಕೂಗು ನಿಂತಿದ್ದು 5,40,000 ಪೌಂಡಿಗೆ. ಹರಾಜಿನವರ ಕಮಿಷನ್ ಸೇರಿ 6,48,000.

ಇಂಥ ನಾಣ್ಯ ದುಡ್ಡು ಕೊಟ್ಟವರ ಕೈ ಸೇರುವುದು ಸರಿಯೇ? ಎರಡು ಬರಹಗಳು ಇಲ್ಲಿವೆ. ಎರಡನೆಯವರು ಮೊದಲನೆಯದನ್ನು ಓದಿ ಬರೆದಿದ್ದಾರೆ.

ಪರ: ಸಂಗ್ರಹಿಸುವವರು ಇದ್ದಿದ್ದಕ್ಕೇ ಇವು ಉಳಿದಿವೆ

ನಾಣ್ಯ ಹುಟ್ಟುವುದು ಖರ್ಚಾಗಲಿಕ್ಕೆ. ಹಳೆಯದಾದರೆ ಹೋಗುವುದು ಮೂಸೆಗೆ. ಇದು ಎಲ್ಲ ದೇಶದ ಕಥೆ. ಇಂಗ್ಲೆಂಡಿನಲ್ಲಿ 1662ರವರೆಗೂ ಸುತ್ತಿಗೆಯಿಂದ ಹೊಡೆದು ನಾಣ್ಯ ಮಾಡುತ್ತಿದ್ದರು. ಅಂಚು ಒಂದೇ ಸಮ ಇರುತ್ತಿರಲಿಲ್ಲ. ಜನ ಅಂಚನ್ನು ಕತ್ತರಿಯಿಂದ ಸವರಿ ಬೆಳ್ಳಿ ಎತ್ತಿಟ್ಟುಕೊಂಡು, ಉಳಿದ ನಾಣ್ಯವನ್ನು ಮುಂದಕ್ಕೆ ದಾಟಿಸುತ್ತಿದ್ದರು. ಕೊನೆಗೆ 1696ರಲ್ಲಿ ಸರ್ಕಾರ ಹಳೆಯ ಬೆಳ್ಳಿಯನ್ನೆಲ್ಲ ವಾಪಸ್ ಕರೆಸಿ ಕರಗಿಸಿತು. ಐಸಾಕ್ ನ್ಯೂಟನ್ ಟಂಕಸಾಲೆಯ ಕೆಲಸಕ್ಕೆ ಬಂದದ್ದೂ ಅದೇ ವರ್ಷ. ಅಷ್ಟು ದೊಡ್ಡ ಕರಗಿಸುವಿಕೆಯಿಂದ ತಪ್ಪಿಸಿಕೊಂಡದ್ದು ಎರಡೇ ಬಗೆ. ನೆಲದಲ್ಲಿ ಹೂತಿದ್ದವು, ಮತ್ತು ಯಾರೋ ಒಬ್ಬರು 'ಇದು ಚೆನ್ನಾಗಿದೆ, ಇರಲಿ' ಎಂದು ಎತ್ತಿಟ್ಟವು.

ನಮ್ಮ ಮನೆಗಳಲ್ಲೂ ಆದದ್ದು ಇದೇ ಅಲ್ವಾ? ಕುದುರೆ ಮೇಲೆ ಕೂತು ಡ್ರ್ಯಾಗನ್ ಕೊಲ್ಲುವ ಸೇಂಟ್ ಜಾರ್ಜ್ ಇರುವ ಬ್ರಿಟಿಷ್ ಸವರನ್ ಎಂಬ ಚಿನ್ನದ ನಾಣ್ಯ ನಮ್ಮಲ್ಲಿ ಎಷ್ಟೋ ಸರಗಳಲ್ಲಿ ತೂಗಿತ್ತು. 1918ರಲ್ಲಿ ಅದನ್ನು ಬಾಂಬೆಯಲ್ಲೇ ಅಚ್ಚು ಹಾಕಿದ್ದರು. ಗುರುತಿಗೆ 'ಐ' ಎಂಬ ಪುಟ್ಟ ಇಂಗ್ಲಿಷ್ ಅಕ್ಷರ ಇರುತ್ತದೆ. ಎಷ್ಟು ಪವನು ತೂಗುತ್ತದೆ ಎಂದು ನೋಡಿದವರೇ ಹೆಚ್ಚು. ಆ ಅಕ್ಷರ ನೋಡಿದವರು ಕಡಿಮೆ. ಕೊಂಡಿ ಬೆಸೆದ ಸವರನ್ನುಗಳೂ ಒಂದು ದಿನ ಬಳೆಯಾದವು. ಆ ಅಕ್ಷರಕ್ಕಾಗಿ ಹುಡುಕುವ ಒಬ್ಬ ಹುಚ್ಚ ಪ್ರತಿ ಊರಿಗೂ ಇದ್ದಿದ್ದರೆ ಇನ್ನಷ್ಟು ಉಳಿಯುತ್ತಿದ್ದವು.

ಆ ಹುಚ್ಚರ ಸಾಲು ದೊಡ್ಡದು. ವಿಲಿಯಂ ಹಂಟರ್ ಎಂಬ ವೈದ್ಯರು ಸಂಪಾದಿಸಿದ್ದನ್ನೆಲ್ಲ ನಾಣ್ಯ, ಪುಸ್ತಕ, ಮೂಳೆಗಳಿಗೆ ಸುರಿದರು. 1783ರಲ್ಲಿ ತೀರಿಕೊಂಡಾಗ ಎಲ್ಲವನ್ನೂ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಬರೆದಿಟ್ಟರು. ಅದೇ ಇವತ್ತಿನ ಹಂಟೇರಿಯನ್ ಮ್ಯೂಸಿಯಂ. ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಹೆಸರು ಎಲ್ಲರಿಗೂ ಗೊತ್ತು. ಅವರ ತಂಗಿ ಸಾರಾ ಸೋಫಿಯಾ ಬ್ಯಾಂಕ್ಸ್ ಅಷ್ಟೇ ದೊಡ್ಡ ಸಂಗ್ರಾಹಕಿ. ಅಂಗಡಿಯವರು ಚಿಲ್ಲರೆ ಇಲ್ಲದೆ ತಾವೇ ಮಾಡಿಸಿಕೊಂಡ ತಾಮ್ರದ ಟೋಕನ್ನುಗಳನ್ನೂ ಅವರು ಬಿಡಲಿಲ್ಲ. ಬೇರೆಯವರಿಗೆ ಅದು ಕಸ. ಇವತ್ತು ಆ ಕಾಲದ ವ್ಯಾಪಾರ ತಿಳಿಯಲು ಅದೇ ಬೇಕು. 1818ರಲ್ಲಿ ಅವರು ತೀರಿಕೊಂಡ ಮೇಲೆ ನಾಣ್ಯಗಳು ಬ್ರಿಟಿಷ್ ಮ್ಯೂಸಿಯಮ್ಮಿಗೂ ರಾಯಲ್ ಮಿಂಟ್ ಎಂಬ ಅಲ್ಲಿನ ಟಂಕಸಾಲೆಗೂ ಹೋದವು. ಇಪ್ಪತ್ತನೇ ಶತಮಾನಕ್ಕೆ ಬಂದರೆ ಕ್ರಿಸ್ಟೋಫರ್ ಬ್ಲಂಟ್. ವೃತ್ತಿ ಬ್ಯಾಂಕಿಂಗ್. (ಸೋವಿಯತ್ ಗೂಢಚಾರ ಆಂಥನಿ ಬ್ಲಂಟ್ ಅವರ ತಮ್ಮ. ಒಂದೇ ಮನೆಯಲ್ಲಿ ಎಂಥೆಂಥವರು!) ಆಂಗ್ಲೋ-ಸ್ಯಾಕ್ಸನ್ (1066ಕ್ಕಿಂತ ಹಿಂದಿನ ಇಂಗ್ಲೆಂಡಿನ) ನಾಣ್ಯಗಳ ಬಗ್ಗೆ ಇವತ್ತು ತಿಳಿದಿರುವುದರಲ್ಲಿ ದೊಡ್ಡ ಪಾಲು ಅವರ ಬಿಡುವಿನ ವೇಳೆಯ ಕೆಲಸ. ಅವರ ಸಂಗ್ರಹ ಈಗ ಕೇಂಬ್ರಿಡ್ಜಿನ ಫಿಟ್ಜ್‌ವಿಲಿಯಂ ಮ್ಯೂಸಿಯಮ್ಮಿನಲ್ಲಿದೆ.

ಈಗ ಕಾನೂನಿಗೆ ಬರೋಣ. ನನ್ನ ವಾದದ ಬೇರು ಇಲ್ಲಿದೆ.

ಇಂಗ್ಲೆಂಡಿನಲ್ಲಿ 1996ರ ನಿಧಿ ಕಾಯ್ದೆ ಇದೆ. 300 ವರ್ಷಕ್ಕಿಂತ ಹಳೆಯ, ಚಿನ್ನ ಬೆಳ್ಳಿ ನೂರಕ್ಕೆ ಹತ್ತು ಪಾಲಾದರೂ ಇರುವ ಎರಡೋ ಹೆಚ್ಚೋ ನಾಣ್ಯ ಒಟ್ಟಿಗೆ ಸಿಕ್ಕರೆ ಅದು ನಿಧಿ. 14 ದಿನದೊಳಗೆ ಕೊರೊನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಮ್ಯೂಸಿಯಮ್ಮಿಗೆ ಬೇಕೆನಿಸಿದರೆ ತೆಗೆದುಕೊಳ್ಳಬಹುದು. ಆದರೆ ಮಾರುಕಟ್ಟೆಯ ಬೆಲೆ ಕೊಟ್ಟೇ ತೆಗೆದುಕೊಳ್ಳಬೇಕು. ಆ ದುಡ್ಡು ಸಾಮಾನ್ಯವಾಗಿ ಹುಡುಕಿದವರಿಗೂ ಜಮೀನಿನವರಿಗೂ ಅರ್ಧ ಅರ್ಧ.

ಫಲ ನೋಡಿ. 2019ರಲ್ಲಿ ಸಾಮರ್ಸೆಟ್‌ನ ಚ್ಯೂ ವ್ಯಾಲಿಯಲ್ಲಿ ಹವ್ಯಾಸಿಗಳ ಒಂದು ಗುಂಪಿಗೆ 2,584 ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತು. 1066ರಲ್ಲಿ ಹೇಸ್ಟಿಂಗ್ಸ್ ಯುದ್ಧದಲ್ಲಿ ಸತ್ತ ಹೆರಾಲ್ಡ್, ಅವನನ್ನು ಸೋಲಿಸಿದ ವಿಲಿಯಂ, ಇಬ್ಬರ ನಾಣ್ಯವೂ ಅದರಲ್ಲಿದ್ದವು. ಹೆರಾಲ್ಡ್ ಆಳಿದ್ದು ಒಂಬತ್ತು ತಿಂಗಳು. ಅವನ ನಾಣ್ಯ ಅಷ್ಟು ಒಟ್ಟಿಗೆ ಯಾರೂ ಕಂಡಿರಲಿಲ್ಲ. ಇನ್ನೂ ಮಜಾ ಇದೆ. ಒಂದು ನಾಣ್ಯದಲ್ಲಿ ಒಂದು ಬದಿ ಹೆರಾಲ್ಡನ ಅಚ್ಚು, ಇನ್ನೊಂದು ಬದಿ ವಿಲಿಯಂನದು! ಹೊಸ ಅಚ್ಚಿಗೆ ಸರ್ಕಾರಕ್ಕೆ ಶುಲ್ಕ ಕಟ್ಟಬೇಕಿತ್ತು. ಅಚ್ಚು ಹೊಡೆಯುವವನು ಅದನ್ನು ಉಳಿಸಲು ಹಳೆಯದನ್ನೇ ಬಳಸಿದ. ರಾಜ ಬದಲಾದ ವರ್ಷದಲ್ಲೂ ತೆರಿಗೆ ತಪ್ಪಿಸುವವರು ತಮ್ಮ ಕೆಲಸ ಬಿಟ್ಟಿರಲಿಲ್ಲ. ಇದೆಲ್ಲ ನಮಗೆ ಗೊತ್ತಾದದ್ದು ಸಿಕ್ಕಿದವರು ಬಾಯಿ ಬಿಟ್ಟಿದ್ದರಿಂದ. 2024ರಲ್ಲಿ ಅಲ್ಲಿನ ಹೆರಿಟೇಜ್ ಟ್ರಸ್ಟ್ ಪೂರ್ತಿ ಗಂಟನ್ನು 43 ಲಕ್ಷ ಪೌಂಡ್ ಕೊಟ್ಟು ಕೊಂಡಿತು.

ಈಗ ಅದೇ ಬ್ರಿಟಿಷರು 1878ರಲ್ಲಿ ಭಾರತಕ್ಕೆ ಮಾಡಿದ ನಿಧಿ ಕಾಯ್ದೆ ನೋಡಿ. ಸರ್ಕಾರ ನಿಧಿ ತೆಗೆದುಕೊಂಡರೆ ಎಷ್ಟು ಕೊಡಬೇಕು? ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಪಾಲು. ಅಷ್ಟೇ. ಅದರ ಮೇಲಿನ ಬರಹಕ್ಕೆ, ಅಪರೂಪಕ್ಕೆ ಒಂದು ಪೈಸೆ ಇಲ್ಲ. ಹೊಲ ಉಳುವಾಗ ಕುಡಿಕೆ ಸಿಕ್ಕರೆ ಇಂಥ ಕಾನೂನಿನ ಕೆಳಗೆ ಯಾರು ಹೇಳುತ್ತಾರೆ? ರಾತ್ರೋರಾತ್ರಿ ಅಕ್ಕಸಾಲಿಗರ ಬಳಿ ಹೋಗುವುದೇ ಲಾಭ. ಅಪರೂಪದ ನಾಣ್ಯಕ್ಕೆ ಒಳ್ಳೆ ಬೆಲೆ ಕೊಡುವ ಸಂಗ್ರಾಹಕರ ಸಂತೆ ಇದ್ದರೆ ಮಾತ್ರ ಇದಕ್ಕೆ ಇಷ್ಟು ಬೆಲೆ ಎಂದು ಹೇಳಬಹುದು. ಆ ಸಂತೆ ಮುಚ್ಚಿದರೆ ಬಹುಮಾನ ಲೆಕ್ಕ ಹಾಕಲು ಆಧಾರವೇ ಇರುವುದಿಲ್ಲ.

ಇದು ಬರೀ ಶ್ರೀಮಂತರ ಆಟ ಎನ್ನುವವರಿಗೆ ಒಂದು ಮಾತು. ಮೊದಲನೇ ಎಡ್ವರ್ಡನ ಕಾಲದ ಬೆಳ್ಳಿ ಪೆನ್ನಿ, ಸ್ವಲ್ಪ ಸವೆದದ್ದು, ಹತ್ತಾರು ಪೌಂಡಿಗೆ ಸಿಗುತ್ತದೆ. 700 ವರ್ಷ ಹಳೆಯದು. ನನಗೆ ಇನ್ನೂ ಇಷ್ಟ ಮೂರನೇ ಹೆನ್ರಿಯ 1247ರ ನಂತರದ ಪೆನ್ನಿ. ಅದರ ಹಿಂಬದಿಯ ಶಿಲುಬೆಯ ಗೆರೆ ಅಂಚಿನವರೆಗೂ ಹೋಗುತ್ತದೆ. ಅಂಚು ಕತ್ತರಿಸಿದರೆ ತಕ್ಷಣ ಗೊತ್ತಾಗಲಿ ಎಂದು. ಚಿಲ್ಲರೆ ಬೇಕಾದರೆ ಅದೇ ಗೆರೆ ಹಿಡಿದು ನಾಣ್ಯವನ್ನು ಎರಡೋ ನಾಲ್ಕೋ ತುಂಡು ಮಾಡುತ್ತಿದ್ದರು. ಹೀಗೆ ಕತ್ತರಿಸಿದ ಅರ್ಧ ಪೆನ್ನಿ ಕೈಯಲ್ಲಿ ಹಿಡಿದರೆ ಒಬ್ಬ ಅಂಗಡಿಯವ ಚಿಲ್ಲರೆ ಕೊಡುವುದು ಕಣ್ಣಿಗೆ ಕಟ್ಟುತ್ತದೆ. ಗಾಜಿನ ಆಚೆ ಇಟ್ಟರೆ ಆ ಸುಖ ಎಲ್ಲಿ? ಅದೂ ಗಾಜಿನ ಹಿಂದೆ ಇಟ್ಟರೆ ತಾನೇ. ಬ್ರಿಟಿಷ್ ಮ್ಯೂಸಿಯಮ್ಮಿನ ನಾಣ್ಯ ವಿಭಾಗದಲ್ಲಿ ಸುಮಾರು ಎಂಟು ಲಕ್ಷ ವಸ್ತುಗಳಿವೆ. ಹೆಚ್ಚಿನವು ಡ್ರಾಯರಿನಲ್ಲಿ. ಆ ಮ್ಯೂಸಿಯಂ ಎಲ್ಲೆಲ್ಲಿಂದ ಏನೇನು ತಂದಿದೆ ಎಂಬುದು ಬೇರೆಯೇ ಪುರಾಣ, ಇಲ್ಲಿ ಬೇಡ.

ಎಲ್ಲವೂ ಮ್ಯೂಸಿಯಮ್ಮಿಗೆ ಹೋಗಲಿ ಎನ್ನುವುದು ಸುಲಭ. ಯಾವ ಮ್ಯೂಸಿಯಮ್ಮಿಗೆ, ಯಾರ ದುಡ್ಡಿನಿಂದ ಎಂಬುದನ್ನೂ ಹೇಳಬೇಕು.

ವಿರೋಧ: ಮಣ್ಣಿನ ವಿಳಾಸ ಕಳೆದ ನಾಣ್ಯ ಅರ್ಧ ಮೂಕ

ಯಾರ ದುಡ್ಡು ಎಂದು ಕೇಳಿದ್ದೀರಿ. ಅಲ್ಲಿಂದಲೇ ಶುರು ಮಾಡೋಣ.

2001ರಲ್ಲಿ ಬೆಡ್‌ಫರ್ಡ್‌ಶೈರ್‌ನಲ್ಲಿ ಐವೆಲ್ ನದಿ ದಂಡೆಯ ಮೇಲೆ ಒಂದು ಚಿನ್ನದ ನಾಣ್ಯ ಸಿಕ್ಕಿತು. ತೂಕ 4.33 ಗ್ರಾಂ. ಒಂಬತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ನಡುಭಾಗದ ಮರ್ಸಿಯಾ ರಾಜ್ಯ ಆಳಿದ ಕೊಯೆನ್ವುಲ್ಫ್ ರಾಜನದು. ಹಿಂಬದಿಯಲ್ಲಿ ಲಂಡನ್ ಪೇಟೆಯ ಹೆಸರು ಲ್ಯಾಟಿನ್ನಿನಲ್ಲಿ. ಅದೇ ಕಾಲದಲ್ಲಿ ಯೂರೋಪಿನ ಚಕ್ರವರ್ತಿ ಚಾರ್ಲೆಮೇನ್ ತನ್ನ ಡೊರೆಸ್ಟಾಡ್ ಪೇಟೆಯ ಹೆಸರು ಹಾಕಿ ಚಿನ್ನದ ನಾಣ್ಯ ಹೊರಡಿಸಿದ್ದ. ಎರಡನ್ನೂ ಪಕ್ಕ ಇಟ್ಟು ನೋಡಿದರೆ ಆ ಇಬ್ಬರು ರಾಜರ ಪೈಪೋಟಿ ಅರ್ಥವಾಗುತ್ತದೆ. ಇಷ್ಟು ದೊಡ್ಡ ವಸ್ತು. ಆದರೆ ಸಿಕ್ಕಿದ್ದು ಒಂದೇ ನಾಣ್ಯವಾದ್ದರಿಂದ ಕಾನೂನಿನ ಲೆಕ್ಕದಲ್ಲಿ ನಿಧಿಯೇ ಅಲ್ಲ! 2004ರಲ್ಲಿ ಹರಾಜಿಗೆ ಹೋಯಿತು. 2,30,000 ಪೌಂಡ್ ಕೊಟ್ಟು ಅಮೆರಿಕದವರು ಕೊಂಡರು. ಸರ್ಕಾರ ದೇಶದಿಂದ ಹೊರಗೆ ಹೋಗದಂತೆ ತಡೆ ಹಾಕಿತು. 2006ರಲ್ಲಿ ಬ್ರಿಟಿಷ್ ಮ್ಯೂಸಿಯಂ ಅದನ್ನು ವಾಪಸ್ ಕೊಂಡುಕೊಂಡಿತು. ಎಷ್ಟಕ್ಕೆ ಗೊತ್ತಾ? 3,57,832 ಪೌಂಡಿಗೆ.

ಎರಡು ವರ್ಷದಲ್ಲಿ ಒಂದೂಕಾಲು ಲಕ್ಷಕ್ಕೂ ಹೆಚ್ಚು ಪೌಂಡ್ ಜಾಸ್ತಿ. ಆ ನಡುವೆ ನಾಣ್ಯಕ್ಕೆ ಯಾರೂ ಏನೂ ಮಾಡಿರಲಿಲ್ಲ, ಕೈ ಬದಲಾಗಿತ್ತು ಅಷ್ಟೇ. ಸಿಕ್ಕ ತಿಂಗಳೇ ನ್ಯಾಯವಾದ ಬೆಲೆ ಕಟ್ಟಿ ಮ್ಯೂಸಿಯಮ್ಮಿಗೆ ಮೊದಲು ಕೊಟ್ಟಿದ್ದರೆ ಜನರ ದುಡ್ಡು ಉಳಿಯುತ್ತಿತ್ತು.

ಹಂಟರ್, ಸಾರಾ ಬ್ಯಾಂಕ್ಸ್, ಬ್ಲಂಟ್. ಮೂವರ ಹೆಸರೂ ನೀವೇ ಹೇಳಿದಿರಿ. ಅವರನ್ನು ನಾವು ಇವತ್ತು ನೆನೆಯುವುದು ಯಾಕೆ? ಅವರ ನಾಣ್ಯ ಕೊನೆಗೆ ಎಲ್ಲರೂ ನೋಡುವ ಕಡೆಗೆ ಬಂತು ಎಂದು. ಮಕ್ಕಳು ಹರಾಜು ಹಾಕಿ ಚೆಲ್ಲಾಪಿಲ್ಲಿ ಮಾಡಿದ ಸಂಗ್ರಹಗಳು ಲೆಕ್ಕವಿಲ್ಲ. ಅಂಥ ಸಂಗ್ರಾಹಕರ ಹೆಸರು ಹರಾಜಿನ ಪಟ್ಟಿಯಲ್ಲಿ ಮಾತ್ರ ಉಳಿದಿದೆ. ನಿಮ್ಮ ಉದಾಹರಣೆ ನನ್ನ ಮಾತಿಗೇ ಸಾಕ್ಷಿ.

ಸಂತೆ ಇದ್ದರೆ ಜನ ಪ್ರಾಮಾಣಿಕರಾಗುತ್ತಾರೆ ಎನ್ನುವುದೂ ಅರ್ಧ ಸತ್ಯ. ಇನ್ನರ್ಧ ನೋಡಲು ಹೆರೆಫರ್ಡ್‌ಶೈರ್‌ನ ಲೆಮ್‌ಸ್ಟರ್ ಕಡೆ ಹೋಗಬೇಕು.

ಅಲ್ಲಿ 2015ರಲ್ಲಿ ಇಬ್ಬರಿಗೆ ವೈಕಿಂಗರ ಕಾಲದ ಗಂಟು ಸಿಕ್ಕಿತು. ಚಿನ್ನದ ಒಡವೆ, ಬೆಳ್ಳಿ ಗಟ್ಟಿ, ಸುಮಾರು 300 ನಾಣ್ಯ. ಅವರು ಯಾರಿಗೂ ಹೇಳಲಿಲ್ಲ. ಜಮೀನಿನವರಿಗೂ ಇಲ್ಲ. ಸದ್ದಿಲ್ಲದೆ ವ್ಯಾಪಾರಿಗಳ ಮೂಲಕ ಮಾರತೊಡಗಿದರು. ಆಮೇಲೆ ಪೊಲೀಸರು ಫೋನಿನಿಂದ ಅಳಿಸಿದ್ದ ಫೋಟೋಗಳನ್ನು ಮತ್ತೆ ತೆಗೆದರು. ಗಂಟು ಹೊಲದಿಂದ ಎದ್ದಾಗ ಹೇಗಿತ್ತು ಎಂಬುದು ಅದರಲ್ಲಿತ್ತು. 300 ಎಂಬ ಅಂದಾಜು ಬಂದದ್ದೂ ಆ ಫೋಟೋಗಳಿಂದಲೇ. ಕೈಗೆ ಸಿಕ್ಕಿದ್ದು 31 ಮಾತ್ರ. 2019ರಲ್ಲಿ ಇಬ್ಬರಿಗೂ ದೊಡ್ಡ ಜೈಲು ಶಿಕ್ಷೆಯಾಯಿತು. 2023ರಲ್ಲಿ ಇಂಗ್ಲೆಂಡಿನ ಉತ್ತರದಲ್ಲಿ ಅದೇ ಕಾಲದ 44 ನಾಣ್ಯ ಮಾರಲು ಹೊರಟ ಇನ್ನಿಬ್ಬರಿಗೂ ಶಿಕ್ಷೆ ಆಯಿತು.

ಹೋದರೆ ಹೋಗಲಿ, ಕೆಲವು ನಾಣ್ಯ ತಾನೇ ಎನ್ನಬೇಡಿ. ಸಿಕ್ಕವುಗಳಲ್ಲಿ ಕೆಲವು ವೆಸೆಕ್ಸ್ ರಾಜ್ಯದ ಆಲ್ಫ್ರೆಡ್ ರಾಜನವು, ಕೆಲವು ಮರ್ಸಿಯಾದ ಚೆಯೊಲ್ವುಲ್ಫ್‌ನವು. ಇಬ್ಬರ ನಾಣ್ಯದಲ್ಲೂ ಒಂದೇ ಚಿತ್ರ. ಪಕ್ಕಪಕ್ಕ ಕೂತ ಇಬ್ಬರು ಚಕ್ರವರ್ತಿಗಳು. ಆಲ್ಫ್ರೆಡನ ಕಡೆಯವರು ಬರೆಸಿದ ಇತಿಹಾಸದಲ್ಲಿ ಚೆಯೊಲ್ವುಲ್ಫ್ ಒಬ್ಬ ದಡ್ಡ ಅಧಿಕಾರಿ, ವೈಕಿಂಗರ ಕೈಗೊಂಬೆ. ನಾಣ್ಯ ಹೇಳುವುದು ಬೇರೆ. ಇಬ್ಬರೂ ಸಮಾನರಾಗಿ ಸೇರಿಯೇ ನಡೆದಿದ್ದರು. ಆಮೇಲೆ ಗೆದ್ದವನ ಕಡೆಯವರು ಸೋತವನನ್ನು ಅಳಿಸಿದರು. ಈ ಚಿತ್ರದ ನಾಣ್ಯ ಹಿಂದೆ ತಲಾ ಒಂದೇ ಗೊತ್ತಿತ್ತು. ಅಪವಾದ ಎಂದು ಪಕ್ಕಕ್ಕಿಟ್ಟಿದ್ದರು. ಅದೇ 2015ರಲ್ಲಿ ಆಕ್ಸ್‌ಫರ್ಡ್‌ಶೈರ್‌ನ ವಾಟ್ಲಿಂಗ್ಟನ್‌ನಲ್ಲಿ ಒಬ್ಬರು ಸಿಕ್ಕ ಗಂಟನ್ನು ಸರಿಯಾಗಿ ಒಪ್ಪಿಸಿದರು. ಅದರಲ್ಲಿ ಇಂಥವು 13 ಇದ್ದವು. ಈಗ ಅವು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಮ್ಮಿನಲ್ಲಿವೆ. ಹಾಗೆ ನೋಡಿದರೆ ಲೆಮ್‌ಸ್ಟರ್‌ನ ಉಳಿದ ಇನ್ನೂರಕ್ಕೂ ಹೆಚ್ಚು ನಾಣ್ಯದಲ್ಲಿ ಏನೇನಿತ್ತೋ? ಯಾರದೋ ಲಾಕರಿನಲ್ಲಿ ಈಗಲೂ ಇರಬಹುದು. ಕೊಂಡವರು ಎಲ್ಲಿಂದ ಬಂತು ಎಂದು ಕೇಳಿದ್ದರೆ ಈ ಕಥೆ ಬೇರೆ ಆಗುತ್ತಿತ್ತು. ನಾಣ್ಯ ಮಾರುವವರ ಲೋಕದಲ್ಲಿ 'ಹಳೆಯ ಸಂಗ್ರಹದಿಂದ' ಎಂಬ ಒಂದು ಸಾಲು ಸಾಕು, ಮುಂದೆ ಪ್ರಶ್ನೆ ಇರುವುದಿಲ್ಲ.

ಹೊಸ ನಾಣ್ಯಗಳ ವಿಷಯವನ್ನು ನೀವು ಮುಟ್ಟಲೇ ಇಲ್ಲ. ಅಪರೂಪ ಎಂಬ ಹುಚ್ಚು ಅಲ್ಲಿ ಬೆತ್ತಲೆಯಾಗಿ ಕಾಣುತ್ತದೆ.

1933ರಲ್ಲಿ ಬ್ಯಾಂಕುಗಳಲ್ಲಿ ಪೆನ್ನಿ ಬೇಕಾದಷ್ಟಿತ್ತು. ಆ ವರ್ಷ ಹೊಸದು ಬೇಡವಾಗಿತ್ತು. ಆದರೆ ಕಟ್ಟಡದ ಅಡಿಗಲ್ಲಿನ ಕೆಳಗೆ ಆ ವರ್ಷದ ನಾಣ್ಯ ಇಡುವ ಪದ್ಧತಿ. ಅದಕ್ಕೆಂದು ಬೆರಳೆಣಿಕೆಯಷ್ಟು ಮಾಡಿದರು. ಲೀಡ್ಸ್‌ನ ಮಿಡಲ್ಟನ್‌ನ ಒಂದು ಚರ್ಚಿನ ಕಲ್ಲಿನ ಕೆಳಗೂ ಒಂದು ಇಟ್ಟರು. 1970ರಲ್ಲಿ ಕಳ್ಳರು ಆ ಕಲ್ಲನ್ನೇ ಕಿತ್ತು ನಾಣ್ಯ ಎತ್ತಿಕೊಂಡು ಹೋದರು. ಅದೇ ಊರಿನ ಇನ್ನೊಂದು ಚರ್ಚಿನಲ್ಲೂ ಒಂದಿತ್ತು. ಅದಕ್ಕೂ ಇದೇ ಗತಿ ಬರುತ್ತದೆ ಎಂದು ಹೆದರಿ ಬಿಷಪ್ ತಾವೇ ಅಗೆಸಿ ತೆಗೆಸಿ ಮಾರಿಸಿದರು. ದೇವರ ಮನೆಯ ಅಡಿಪಾಯಕ್ಕೂ ಕೈ ಹಾಕಿಸಿದ್ದು ಒಂದು ಕಂಚಿನ ಕಾಸು! ಅದರಲ್ಲಿ ತಿಳಿಯುವ ಇತಿಹಾಸ ಎಷ್ಟು? 1932ರ ಪೆನ್ನಿಯಲ್ಲಿ ಇಲ್ಲದ್ದು ಏನೂ ಇಲ್ಲ, ಇಸವಿ ಬಿಟ್ಟರೆ.

ಎಂಟನೇ ಎಡ್ವರ್ಡನ 1937ರ ಸವರನ್ ಇನ್ನೊಂದು. ಅವನು 1936ರ ಡಿಸೆಂಬರಿನಲ್ಲಿ ಪಟ್ಟ ಬಿಟ್ಟ. ನಾಣ್ಯ ಚಲಾವಣೆಗೆ ಬರಲೇ ಇಲ್ಲ, ಮಾದರಿಗಳಷ್ಟೇ ಉಳಿದವು. ಒಬ್ಬ ರಾಜ ಎಡಕ್ಕೆ ನೋಡಿದರೆ ಮುಂದಿನವನು ಬಲಕ್ಕೆ ನೋಡಬೇಕೆಂಬುದು ಅಲ್ಲಿನ ರೂಢಿ. ಅಪ್ಪ ಎಡಕ್ಕೆ ನೋಡಿದ್ದರೂ ಇವನು ತಾನೂ ಎಡಕ್ಕೇ ಎಂದು ಹಟ ಹಿಡಿದ. ತಲೆಯ ಬೈತಲೆ ಆ ಕಡೆಯಿಂದ ಚೆನ್ನಾಗಿ ಕಾಣುತ್ತದಂತೆ. 2020ರಲ್ಲಿ ಅಂಥದೊಂದನ್ನು ರಾಯಲ್ ಮಿಂಟ್ ಮೂಲಕ ಒಬ್ಬರು 10 ಲಕ್ಷ ಪೌಂಡಿಗೆ ಕೊಂಡರು. ಬೈತಲೆಗೆ ಇಷ್ಟು ದುಬಾರಿ ಬೆಲೆ ಬೇರೆಲ್ಲೂ ಬಂದಿರಲಿಕ್ಕಿಲ್ಲ.

ಇನ್ನು ಲಂಡನ್ನಿನ ಸಸ್ಯೋದ್ಯಾನದ ಹೆಸರಿನ, 2009ರ ಕ್ಯೂ ಗಾರ್ಡನ್ಸ್ 50 ಪೆನ್ಸ್ ನಾಣ್ಯ. ಮೇಲೆ ಪಗೋಡ ಇರುವುದು. ಮಾಡಿದ್ದು 2,10,000 ಮಾತ್ರ. ವಿಷಯ ಹೊರಬಿದ್ದ ಮೇಲೆ ಜನ ಚಿಲ್ಲರೆಯಿಂದ ಆರಿಸಿ ಬಚ್ಚಿಟ್ಟರು. ಚಲಾವಣೆಯಲ್ಲಿ ಇರಬೇಕಾದ ನಾಣ್ಯ ಮಾಯವಾಯಿತು, ನೂರು ಪೌಂಡ್ ದಾಟಿತು, ನಕಲಿಯೂ ಬಂತು. 2019ರಲ್ಲಿ ಟಂಕಸಾಲೆಯವರೇ ಅದೇ ಚಿತ್ರವನ್ನು ಹೊಸ ಇಸವಿ ಹಾಕಿ ಸಂಗ್ರಾಹಕರಿಗೆ ಮಾರಿದರು.

ಕೈಯಲ್ಲಿ ಹಿಡಿಯುವ ಸುಖದ ಮಾತು ಚೆನ್ನಾಗಿತ್ತು. ಆದರೆ ದುಬಾರಿ ನಾಣ್ಯ ಕೊಳ್ಳುವವರು ಈಗ ಮಾಡುವುದು ಏನು? ಅಮೆರಿಕದ ಕಂಪನಿಗಳಿಗೆ ಕಳಿಸಿ, 70ಕ್ಕೆ ಇಷ್ಟು ಎಂದು ಅಂಕ ಹಾಕಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಸುತ್ತಾರೆ. ಆಮೇಲೆ ತೂಕ ನೋಡುವಂತಿಲ್ಲ, ಬೆರಳು ತಾಕುವಂತಿಲ್ಲ. ಒಡೆದರೆ ಬೆಲೆ ಹೋಗುತ್ತದೆ. ಮ್ಯೂಸಿಯಮ್ಮಿನ ಡ್ರಾಯರನ್ನು ಹಾಗೆ ಹೇಳಿದಿರಿ. ಆ ಡ್ರಾಯರನ್ನು ಓದುವ ಹುಡುಗರು ಕೇಳಿ ತೆಗೆಸಿ ನೋಡಬಹುದು. ಲಾಕರನ್ನು?

ನಿಮ್ಮ ಎಡ್ವರ್ಡನ ಪೆನ್ನಿಯ ಬಗ್ಗೆ ನನಗೆ ಜಗಳವೇ ಇಲ್ಲ. ಅವು ಲಕ್ಷಗಟ್ಟಲೆ ಹೊಡೆದವು, ಎಷ್ಟು ಮನೆಯಲ್ಲಿದ್ದರೂ ಒಳ್ಳೆಯದೇ. 1878ರ ಕಾಯ್ದೆ ಕೆಟ್ಟದ್ದು ಎಂಬುದನ್ನೂ ಒಪ್ಪುತ್ತೇನೆ. ಹುಡುಕಿದವರಿಗೆ ಒಳ್ಳೆ ದುಡ್ಡು ಸಿಗಲೇಬೇಕು. ಆದರೆ ಅದಕ್ಕೆ ಹರಾಜಿನ ಮನೆಯೇ ದಾರಿ ಎಂದೇನಿಲ್ಲ. ಬ್ರಿಟನ್ನಿನಲ್ಲೇ ಉದಾಹರಣೆ ಇದೆ. ಸ್ಕಾಟ್ಲೆಂಡಿನಲ್ಲಿ ಒಂಟಿ ನಾಣ್ಯವಾದರೂ ಹಳೆಯದಾದರೆ ತಿಳಿಸಬೇಕು. ನೆಲದಲ್ಲಿ ಸಿಕ್ಕಿದ್ದು ಮೊದಲು ಸರ್ಕಾರದ್ದು. ಮ್ಯೂಸಿಯಂ ತೆಗೆದುಕೊಂಡರೆ ಹುಡುಕಿದವರಿಗೆ ಬಹುಮಾನ. ಬೇಡವೆಂದರೆ ನಾಣ್ಯ ಅವರಿಗೇ ವಾಪಸ್, ಮಾರಲಿ, ಇಟ್ಟುಕೊಳ್ಳಲಿ. ಇಂಗ್ಲೆಂಡಿನಲ್ಲಿ 2023ರಲ್ಲಿ ಕಾಯ್ದೆಯ ವ್ಯಾಪ್ತಿ ಸ್ವಲ್ಪ ಹಿಗ್ಗಿತು, ಆದರೂ ಒಂಟಿ ನಾಣ್ಯ ಸಾಮಾನ್ಯವಾಗಿ ಹೊರಗೇ ಉಳಿಯುತ್ತದೆ. ಸ್ಕಾಟ್ಲೆಂಡಿನ ನಿಯಮ ಗಡಿ ದಾಟಿ ದಕ್ಷಿಣಕ್ಕೂ ಬರಲಿ. ಎಲ್ಲಿ ಸಿಕ್ಕಿತು ಎಂಬ ದಾಖಲೆ ಇಲ್ಲದ ಮಧ್ಯಯುಗದ ನಾಣ್ಯವನ್ನು ಹರಾಜಿನವರು ಮುಟ್ಟದಿರಲಿ. ಹೀಗೆ ಸೋಸಿ ಉಳಿದದ್ದನ್ನು ಸಂಗ್ರಾಹಕರು ಎಷ್ಟು ಬೇಕಾದರೂ ಕೊಳ್ಳಲಿ, ನನ್ನ ತಕರಾರಿಲ್ಲ.